ಖೊಟ್ಟಿ ದಾನಪತ್ರದಿಂದ ಆಕರ ವಿಮರ್ಶೆಯವರೆಗೆ

ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಸಾಮ್ರಾಜ್ಯದ ಪಶ್ಚಿಮ ಭಾಗವನ್ನೇ ಪೋಪ್‌ಗೆ ಬರೆದುಕೊಟ್ಟನೆಂಬ ದಾನಪತ್ರವೊಂದು ಯುರೋಪಿನಲ್ಲಿ ಶತಮಾನಗಳ ಕಾಲ ಚಲಾವಣೆಯಲ್ಲಿತ್ತು. 1440ರಲ್ಲಿ ಇಟಲಿಯ ವಿದ್ವಾಂಸ ಲೊರೆಂಜೊ ವಲ್ಲಾ ಅದರ ಭಾಷೆಯನ್ನೇ ಹಿಡಿದು ಜಗ್ಗಿದ. 4ನೇ ಶತಮಾನದ ರೋಮ್‌ನ ಪತ್ರದಲ್ಲಿ ‘ಸತ್ರಪ’ರು (ಪರ್ಷಿಯಾದ ಪ್ರಾಂತ್ಯಾಧಿಕಾರಿಗಳು) ಎಲ್ಲಿಂದ ಬಂದರು? ಇನ್ನೂ ಸ್ಥಾಪನೆಯೇ ಆಗದ ಕಾನ್‌ಸ್ಟಾಂಟಿನೋಪಲ್ ಧರ್ಮಪೀಠದ ಹೆಸರು ಹೇಗೆ ಸೇರಿತು? (ವಲ್ಲಾ ಆಗ ಪೋಪ್ ಜೊತೆ ಜಗಳಕ್ಕಿಳಿದಿದ್ದ ರಾಜ ಅಲ್ಫಾನ್ಸೊನ ಆಶ್ರಯದಲ್ಲಿದ್ದ. ಆದರೆ ಅಷ್ಟಕ್ಕೇ ಅವನ ವಾದ ಬಿದ್ದುಹೋಗುವುದಿಲ್ಲ.)

ಹಾಗೆಂದು ಪತ್ರವನ್ನು ಬಿಸಾಡಬೇಕಿಲ್ಲ. ಕಾನ್‌ಸ್ಟಂಟೈನನ ಬಗ್ಗೆ ಅದು ನಿಷ್ಪ್ರಯೋಜಕ. ಅದನ್ನು ಸೃಷ್ಟಿಸಿದ 8ನೇ ಶತಮಾನದ ಅಧಿಕಾರದಾಸೆಯ ಬಗ್ಗೆ ಮಾತ್ರ ಪ್ರಾಥಮಿಕ ಆಕರ, ಅಂದರೆ ಆ ಕಾಲದ್ದೇ ಆದ ನೇರ ಸಾಕ್ಷಿ. ಯಾವ ಆಕರ ಪ್ರಾಥಮಿಕ, ಯಾವುದು ದ್ವಿತೀಯ (ಬೇರೆ ಆಕರಗಳನ್ನು ನೆಚ್ಚಿ ಆಮೇಲೆ ಬರೆದದ್ದು) ಎಂಬುದು ನಾವು ಕೇಳುವ ಪ್ರಶ್ನೆಯ ಮೇಲೆ ನಿಂತಿದೆ.

ಇಂಥ ಪರೀಕ್ಷೆಗೆ ಶಾಸ್ತ್ರದ ರೂಪ ಬಂದದ್ದು 1681ರಲ್ಲಿ, ಫ್ರಾನ್ಸಿನ ಸನ್ಯಾಸಿ ಮಬಿಯೋನಿಂದ. ಚರ್ಮಪತ್ರ, ಮಸಿ, ಲಿಪಿ, ಮುದ್ರೆ, ತೇದಿ ಹಾಕುವ ಕ್ರಮ ಎಲ್ಲವನ್ನೂ ಅದೇ ಕಾಲದ ನಿರ್ವಿವಾದ ಪತ್ರಗಳ ಪಕ್ಕ ಇಟ್ಟು ನೋಡಬೇಕು. ಒಂದೇ ಲಕ್ಷಣ ಹಿಡಿದು ತೀರ್ಪು ಕೊಡಬಾರದು ಎಂದ.

ಹೋಲಿಕೆಗೆಂದು ಪಕ್ಕದಲ್ಲಿಟ್ಟ ಮಾದರಿಯೇ ಖೊಟ್ಟಿಯಾದರೆ? 1983ರಲ್ಲಿ ಜರ್ಮನಿಯ ‘ಸ್ಟರ್ನ್’ ಪತ್ರಿಕೆ ಪ್ರಕಟಿಸಿದ ಹಿಟ್ಲರ್ ದಿನಚರಿಗಳಲ್ಲಿ ಆದದ್ದು ಅದೇ. ಕೈಬರಹ ತಜ್ಞರು ಅಸಲಿ ಎಂದರು. ಅವರು ತಾಳೆ ನೋಡಿದ ಮಾದರಿಗಳಲ್ಲಿ ಕೆಲವನ್ನು ಬರೆದವನೂ ಖೊಟ್ಟಿಗಾರ ಕೋನ್ರಾಡ್ ಕುಯಾವ್! ಕೊನೆಗೆ ಫೆಡರಲ್ ಪತ್ರಾಗಾರದ ಪರೀಕ್ಷೆಯಲ್ಲಿ, ಯುದ್ಧದ ನಂತರವಷ್ಟೇ ಬಳಕೆಗೆ ಬಂದ ಬಿಳುಪುಕಾರಕ ಕಾಗದದಲ್ಲಿ ಸಿಕ್ಕಿತು. ಇನ್ನೊಂದು ಸುಳಿವೂ ಇತ್ತು: ಹಿಟ್ಲರ್ ಭಾಷಣಗಳ ಮುದ್ರಿತ ಸಂಕಲನವೊಂದರ ತಪ್ಪುಗಳು ದಿನಚರಿಯಲ್ಲೂ ಹಾಗೆಯೇ ಇದ್ದವು. ಎರಡು ಬರಹಗಳಲ್ಲಿ ಸರಿಯಾದದ್ದು ಹೊಂದುವುದು ಸಹಜ. ತಪ್ಪುಗಳೂ ಹೊಂದಿದರೆ ನಕಲಿನ ಗುಮಾನಿ ಬರಲೇಬೇಕು. ಒಂದರಿಂದೊಂದು ಎತ್ತಿಕೊಂಡ ಹತ್ತು ವೃತ್ತಾಂತಗಳಿದ್ದರೂ ಸಾಕ್ಷಿ ಒಂದೇ. 1824ರಲ್ಲಿ ಜರ್ಮನ್ ಇತಿಹಾಸಕಾರ ರಾಂಕೆ, 16ನೇ ಶತಮಾನದ ಹೆಸರಾಂತ ಇಟಲಿ ಇತಿಹಾಸಕಾರ ಗುಯಿಚ್ಚಾರ್ದಿನಿಯ ಗ್ರಂಥವೂ ಬೇರೆ ಪುಸ್ತಕಗಳಿಂದ ಧಾರಾಳವಾಗಿ ಎತ್ತಿಕೊಂಡಿದೆ ಎಂದು ತೋರಿಸಿದ್ದ.

ದಾಖಲೆ ಅಸಲಿಯಾದರೂ ಅದು ಹೇಳುವುದೆಲ್ಲ ನಿಜವಾಗಬೇಕಿಲ್ಲ. ಬರೆದವನು ಸ್ಥಳದಲ್ಲಿದ್ದನೇ, ಎಷ್ಟು ದಿನದ ಮೇಲೆ ಬರೆದ, ಯಾರಿಗಾಗಿ ಬರೆದ ಎಂದು ಕೇಳಲೇಬೇಕು. ತನಗೇ ಮುಜುಗರ ತರುವ ಸಂಗತಿಯನ್ನು ಒಪ್ಪಿಕೊಂಡಿದ್ದರೆ ಅದಕ್ಕೆ ತೂಕ ಹೆಚ್ಚು.

ಅಸಲಿ ದಾಖಲೆಯ ತೇದಿಯೂ ದಾರಿ ತಪ್ಪಿಸಬಲ್ಲದು. 1752ಕ್ಕೆ ಮುಂಚೆ ಇಂಗ್ಲೆಂಡಿನ ಅಧಿಕೃತ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ದೊರೆ ಒಂದನೇ ಚಾರ್ಲ್ಸ್‌ನ ಮರಣದಂಡನೆಯ ಆದೇಶದಲ್ಲಿರುವುದು 1648ರ ಜನವರಿ 29; ಈಗಿನ ಪುಸ್ತಕಗಳಲ್ಲಿ ಅದು 1649. ಹತ್ತು ದಿನ ಮುಂದಿದ್ದ ಹೊಸ (ಗ್ರೆಗೋರಿಯನ್) ಪಂಚಾಂಗಕ್ಕೆ ಆಗಲೇ ಬದಲಾಗಿದ್ದ ಯುರೋಪಿನ ದೇಶಗಳಲ್ಲಿ ಅಂದು ಫೆಬ್ರವರಿ 8. ಟಿಪ್ಪಣಿ ಮಾಡಿಕೊಳ್ಳುವಾಗ ಮೂಲದ ತೇದಿಯನ್ನು ಇದ್ದಂತೆಯೇ ಬರೆದು, ತಿದ್ದಿದ್ದನ್ನು ಪಕ್ಕದಲ್ಲಿ ಹಾಕಿ.