ಭೀಮಸಮುದ್ರದ ಧೂಳು, ಚಳ್ಳಕೆರೆಯ ಗೋಡೆ: ಸರ್ಕಾರದ ಗುಟ್ಟು ಸೋರಿದರೆ ಆಗುವುದೇನು?

2011ರ ಜುಲೈ ಮೂರನೇ ವಾರ. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿ ಇನ್ನೂ ಸರ್ಕಾರದ ಕೈ ಸೇರಿರಲಿಲ್ಲ. ಅಷ್ಟರಲ್ಲೇ ಅದರ ಮುಖ್ಯ ಅಂಶಗಳು ಟಿವಿಗೆ ಬಂದುಬಿಟ್ಟವು. ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರ ಹೆಸರೂ ಅದರಲ್ಲಿದೆ ಎಂಬ ಸುದ್ದಿ ರಾಜ್ಯವೆಲ್ಲ ಹರಡಿತು. ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆ ವರದಿ ಸಲ್ಲಿಸಿದ್ದು ಜುಲೈ 27ಕ್ಕೆ. ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟ ಎಂದಿತ್ತು ಆ ವರದಿ. 31ಕ್ಕೆ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಮುಂದೆ 2012ರ ಮಾರ್ಚ್‌ನಲ್ಲಿ ಅವರ ಮೇಲಿನ ಎಫ್‌ಐಆರ್ ಅನ್ನು ಹೈಕೋರ್ಟ್ ರದ್ದು ಮಾಡಿತು. ಆದರೆ ಹೋದ ಕುರ್ಚಿ ಆಗ ವಾಪಸ್ ಬರಲಿಲ್ಲ.

ಚಿತ್ರದುರ್ಗದವರಿಗೆ ಆ ವರದಿಯಲ್ಲಿ ಅಚ್ಚರಿಯೇನೂ ಇರಲಿಲ್ಲ. ಭೀಮಸಮುದ್ರದ ಕಡೆ ಅದಿರು ಲಾರಿಗಳು ಓಡಾಡಿ ಅಡಿಕೆ ತೋಟಕ್ಕೆ ಕೆಂಪು ಧೂಳು ಕೂರುತ್ತಿದ್ದುದು ದಾರಿಹೋಕರಿಗೂ ಕಾಣುತ್ತಿತ್ತು. ಗೊತ್ತಿದ್ದ ಮಾತಿಗೆ ಈಗ ಸಹಿ, ಮೊಹರು ಬಿದ್ದಿತ್ತು, ಅಷ್ಟೇ. ಅದೇ ಆಗಸ್ಟ್ 26ಕ್ಕೆ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆ ನಿಲ್ಲಿಸಿತು. ಬಳ್ಳಾರಿಯದು ಅದಕ್ಕೂ ಮೊದಲೇ ನಿಂತಿತ್ತು. ಇದನ್ನು ಸೋರಿಕೆಯ ಲೆಕ್ಕಕ್ಕೆ ಬರೆಯುವುದು ತಪ್ಪು. ಆ ಪ್ರಕರಣ 2009ರಿಂದಲೇ ಕೋರ್ಟಿನಲ್ಲಿ ನಡೆಯುತ್ತಿತ್ತು. ಮತ್ತೆ ಗಣಿ ಶುರುವಾದಾಗ ಎರಡೂ ಜಿಲ್ಲೆಗೆ ಸೇರಿ ವರ್ಷಕ್ಕೆ 50 ಲಕ್ಷ ಟನ್ ಅಂತ ಮಿತಿ ಬಿತ್ತು.

ಸೋರಿಕೆ ಹೊಸದನ್ನು ಹೇಳುವುದು ಕಡಿಮೆ. ಜನ ಆಡಿಕೊಳ್ಳುತ್ತಿದ್ದುದನ್ನು 'ಹಾಗೇನೂ ಇಲ್ಲ' ಎಂದು ತಳ್ಳಿಹಾಕಲು ಆಗದಂತೆ ಮಾಡುತ್ತದೆ. ಆಮೇಲೆ ಅದನ್ನು ಹಿಡಿದು ಮುಂದೆ ಒಯ್ಯುವವರು ಇದ್ದರೆ ಮಾತ್ರ ರಾಜಕೀಯ ಅಲುಗಾಡುತ್ತದೆ.

ಇಂಟರ್‌ನೆಟ್‌ಗೆ ಮೊದಲು ಇದು ದೇಹಶ್ರಮದ ಕೆಲಸವೂ ಆಗಿತ್ತು. ವಿಯೆಟ್ನಾಂ ಯುದ್ಧದ ಬಗ್ಗೆ ಅಮೆರಿಕ ಸರ್ಕಾರವೇ ಬರೆಸಿದ್ದ ಸುಮಾರು 7,000 ಪುಟಗಳ ರಹಸ್ಯ ವರದಿಯನ್ನು ಡೇನಿಯಲ್ ಎಲ್ಸ್‌ಬರ್ಗ್ ರಾತ್ರಿ ರಾತ್ರಿ ಕೂತು ಜೆರಾಕ್ಸ್ ಮಾಡಿದ್ದರು. 1971ರಲ್ಲಿ ಅದು ಪತ್ರಿಕೆಯಲ್ಲಿ ಬಂತು. ನಮ್ಮಲ್ಲಿ 1987ರ ಬೊಫೋರ್ಸ್ ಫಿರಂಗಿ ಖರೀದಿಯ ಲಂಚದ ಸುದ್ದಿ ಸ್ವೀಡನ್ ರೇಡಿಯೋದಿಂದ ಶುರುವಾಗಿ, ಆಮೇಲೆ ಒಂದೊಂದೇ ಕಾಗದವಾಗಿ ಹೊರಬಂತು. 1989ರ ಚುನಾವಣೆಯಲ್ಲಿ ರಾಜೀವ್ ಗಾಂಧಿ ಅಧಿಕಾರ ಕಳೆದುಕೊಂಡರು.

2010ರ ಹೊತ್ತಿಗೆ ಲೆಕ್ಕವೇ ಬದಲಾಯಿತು. ಇರಾಕ್‌ನಲ್ಲಿದ್ದ ಅಮೆರಿಕದ ಸೈನಿಕರೊಬ್ಬರು (ಇಂದಿನ ಚೆಲ್ಸಿ ಮ್ಯಾನಿಂಗ್) ಸೇನೆಯ ಕಂಪ್ಯೂಟರಿನಿಂದ ನಕಲು ಮಾಡಿ ಕೊಟ್ಟ ಕಡತಗಳನ್ನು ರಹಸ್ಯ ಕಾಗದ ಪ್ರಕಟಿಸುವ ಜಾಲತಾಣ ವಿಕಿಲೀಕ್ಸ್ ಹೊರಹಾಕಿತು. ರಾಯಭಾರ ಕಚೇರಿಗಳ ತಂತಿ ಸಂದೇಶಗಳೇ ಎರಡೂವರೆ ಲಕ್ಷ! ಜೆರಾಕ್ಸ್ ಅಂಗಡಿಯ ಕಾಲದಲ್ಲಿ ಇದು ಲಾರಿ ತುಂಬುವಷ್ಟು ಕಾಗದ. ಜೊತೆಗೆ ಸರ್ವರ್ ಬೇರೆ ದೇಶದಲ್ಲಿದ್ದರೆ ಯಾವ ಪೊಲೀಸರು ಹೋಗಿ ಜಪ್ತಿ ಮಾಡುತ್ತಾರೆ?

ಟ್ಯುನೀಶಿಯಾದಲ್ಲಿ ಅಧ್ಯಕ್ಷ ಬೆನ್ ಅಲಿ ಕುಟುಂಬದ ದುಡ್ಡಿನ ಆಟದ ಬಗ್ಗೆ ಅಮೆರಿಕದ ರಾಯಭಾರಿ ಬರೆದಿದ್ದೂ ಈ ರಾಶಿಯಲ್ಲಿತ್ತು. 2011ರ ಜನವರಿ 14ರಂದು ಅವರು ದೇಶ ಬಿಟ್ಟು ಓಡಿದರು. ಇದು ವಿಕಿಲೀಕ್ಸ್ ಮಾಡಿದ ಕ್ರಾಂತಿ ಎನ್ನುವವರಿದ್ದಾರೆ. ಸುಮ್ನೆ ಮಾತು. ಅಲ್ಲಿ ಮೊದಲು ಬೀದಿಗಿಳಿದವರು ಕೆಲಸವಿಲ್ಲದ ಹುಡುಗರು.

ಭಾರತದ ಪಾಲಿನ ತಂತಿಗಳನ್ನು 'ದಿ ಹಿಂದೂ' 2011ರ ಮಾರ್ಚ್‌ನಲ್ಲಿ ಪ್ರಕಟಿಸಿತು. 2008ರ ವಿಶ್ವಾಸಮತದ ವೇಳೆ ಸಂಸದರ ಮತ ಕೊಳ್ಳಲು ಹಣ ಸಿದ್ಧವಾಗಿತ್ತು ಎಂಬ ಸಂದೇಶಕ್ಕೆ ಸಂಸತ್ತು ಗದ್ದಲದಲ್ಲಿ ಮುಳುಗಿತು. ಪ್ರಧಾನಿ ಮನಮೋಹನ್ ಸಿಂಗ್ ಆರೋಪ ತಳ್ಳಿಹಾಕಿದರು. 2009ರ ಚುನಾವಣೆಯಲ್ಲಿ ಜನ ಉತ್ತರ ಕೊಟ್ಟಾಗಿದೆ ಎಂದರು. ಸರ್ಕಾರ ಬೀಳಲಿಲ್ಲ. ತಂತಿ ಬರೆದವರು ಪರದೇಶದವರು, ಅವರನ್ನು ಇಲ್ಲಿ ಸಾಕ್ಷಿ ಕಟ್ಟೆಗೆ ಕರೆಯುವುದು ಹೇಗೆ? ಲೋಕಾಯುಕ್ತ ವರದಿಗೆ ಆ ಕೊರತೆ ಇರಲಿಲ್ಲ.

2019ರದ್ದು ಇನ್ನೊಂದು ಬಗೆ. ನಿರುದ್ಯೋಗ ಶೇ 6.1 ಎಂಬ ಸರ್ಕಾರಿ ಸಮೀಕ್ಷೆಯ ಅಂಕಿ ಜನವರಿಯಲ್ಲಿ ಸೋರಿತು. ಅದು ಅಂತಿಮವಲ್ಲ ಎಂದಿತು ಸರ್ಕಾರ. ಚುನಾವಣೆ ಮುಗಿದು ಹೊಸ ಸಂಪುಟ ಪ್ರಮಾಣವಚನ ತೆಗೆದುಕೊಂಡ ಮರುದಿನ, ಮೇ 31ಕ್ಕೆ, ಅಧಿಕೃತ ಅಂಕಿ ಬಂತು. ಅದೇ 6.1. ರಫೇಲ್ ಯುದ್ಧವಿಮಾನ ಖರೀದಿಯ ಕಡತಗಳು ಪತ್ರಿಕೆಯಲ್ಲಿ ಬಂದಾಗ ಅವು ಕದ್ದ ಕಾಗದ ಎಂದು ಕೋರ್ಟಿಗೆ ಹೇಳಿ, 1923ರ ಅಧಿಕೃತ ರಹಸ್ಯ ಕಾಯ್ದೆಯನ್ನು ಹೊರತೆಗೆಯಲಾಯಿತು. ಬ್ರಿಟಿಷರ ಕಾಲದ್ದು, ಅಲ್ವಾ? ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್ ಆ ಆಕ್ಷೇಪ ಒಪ್ಪಲಿಲ್ಲ. ಆದರೆ ನವೆಂಬರ್‌ನಲ್ಲಿ ಖರೀದಿಯ ತನಿಖೆ ಕೋರಿದ್ದ ಮರುಪರಿಶೀಲನಾ ಅರ್ಜಿಗಳನ್ನೂ ವಜಾ ಮಾಡಿತು.

ಗುಟ್ಟು ಅಂದಮೇಲೆ ನಮ್ಮ ಚಳ್ಳಕೆರೆ ಬಿಟ್ಟು ಮಾತಾಡಲು ಆಗುವುದಿಲ್ಲ. ಕುದಾಪುರ, ಉಳ್ಳಾರ್ತಿ ಸುತ್ತಿನ ಅಮೃತಮಹಲ್ ಕಾವಲಿನಲ್ಲಿ (ದನಕರು ಮೇಯಲು ಬಿಟ್ಟ ಸರ್ಕಾರಿ ಹುಲ್ಲುಗಾವಲು) ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೋಗೆ 573 ಎಕರೆ ಕೊಟ್ಟರು. ಕುರಿ ಮೇಯಿಸಿ ಕಂಬಳಿ ನೇಯುವ ಸುತ್ತಲ ಹಳ್ಳಿಗಳಿಗೆ ಇದರ ನಿಜವಾದ ಅಳತೆ ಗೊತ್ತಾಗಿದ್ದು ಗೋಡೆ, ಬೇಲಿ ಎದ್ದಾಗ. ವಿವಾದ ಹಸಿರು ನ್ಯಾಯಮಂಡಳಿಗೆ ಹೋಯಿತು. 2013ರಲ್ಲಿ ಅದು ಸತ್ಯಶೋಧನಾ ಸಮಿತಿಯನ್ನೂ ನೇಮಿಸಿತು. ಯೋಜನೆಗಳು ನಿಲ್ಲಲಿಲ್ಲ. 2015ರ ಡಿಸೆಂಬರ್‌ನಲ್ಲಿ 'ಫಾರಿನ್ ಪಾಲಿಸಿ' ಎಂಬ ಅಮೆರಿಕದ ಪತ್ರಿಕೆ, ಇಲ್ಲಿ ರಹಸ್ಯ ಅಣುನಗರ ಕಟ್ಟಲಾಗುತ್ತಿದೆ ಎಂದು ಬರೆಯಿತು. ದೇಶದ ಭದ್ರತೆಗೆ ಗುಟ್ಟು ಬೇಕು, ನಾನೂ ಒಪ್ಪುತ್ತೇನೆ. ಆದರೆ ಊರ ಗೋಮಾಳ ಎಷ್ಟು ಹೋಯಿತು ಎಂಬುದರಲ್ಲಿ ಯಾವ ಭದ್ರತೆ?

ಅಲ್ಲಿಂದ ಹಾರಿದ ರುಸ್ತುಂ-2 ಡ್ರೋನ್ 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿ ಬಳಿ ಬಿತ್ತು. ಜನ ಸೇರಿದರು. ಅವಶೇಷಗಳ ವಿಡಿಯೋ ಅದೇ ದಿನ ಎಲ್ಲರ ಮೊಬೈಲಿನಲ್ಲಿತ್ತು. ಸೋರಿಕೆಗೆ ಈಗ ಕಚೇರಿಯ ಒಳಗಿನವರೇ ಬೇಕೆಂದಿಲ್ಲ.

ಒಳಗಿನಿಂದ ಕೊಟ್ಟವರು ತೆತ್ತ ಬೆಲೆ ದೊಡ್ಡದು. ಮ್ಯಾನಿಂಗ್‌ಗೆ 35 ವರ್ಷ ಶಿಕ್ಷೆಯಾಗಿ, 2017ರಲ್ಲಿ ಒಬಾಮ ಅದನ್ನು ಕಡಿತ ಮಾಡಿದರು. 2013ರಲ್ಲಿ ಅಮೆರಿಕದ ಗೂಢಚರ್ಯೆ ಬಯಲು ಮಾಡಿದ ಎಡ್ವರ್ಡ್ ಸ್ನೋಡೆನ್ ರಷ್ಯಾದಲ್ಲೇ ಉಳಿದುಬಿಟ್ಟರು.

ಸೋರಿಕೆಯ ಹಂಗಿಲ್ಲದೆ ಕೇಳಿ ಪಡೆಯುವ ದಾರಿ 2005ರ ಮಾಹಿತಿ ಹಕ್ಕು ಕಾಯ್ದೆ. ವೈಯಕ್ತಿಕ ಮಾಹಿತಿ ಕೊಡದಿರಲು ಬಿಡುವ ಅದರ 8(1)(ಜೆ) ಕಲಂ ಅನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ತಿದ್ದಿದೆ. 'ಇದು ವೈಯಕ್ತಿಕ ಮಾಹಿತಿ' ಎಂದು ಅರ್ಜಿ ವಾಪಸ್ ಕಳಿಸುವುದು ಇನ್ನು ಸುಲಭ. ಗಣಿ ಗುತ್ತಿಗೆಯ ಕಡತ, ಕಾವಲು ಭೂಮಿಯ ಆದೇಶ ಕೇಳುವವರಿಗೆ ಹೀಗೇ ಉತ್ತರ ಬರತೊಡಗಿದರೆ, ಪೆನ್‌ಡ್ರೈವ್ ದಾರಿ ಹಿಡಿಯುವವರು ಜಾಸ್ತಿಯಾಗುತ್ತಾರೆ ಅಂತಲೇ ನನ್ನ ಅಂದಾಜು.