ತೂತಿಗೇ ಬೆಲೆ

ಹೋದ ವರ್ಷ ದಾವಣಗೆರೆಯಲ್ಲಿ ನಮ್ಮಣ್ಣನ ದವಡೆ ಹಲ್ಲು ಕಿತ್ತಾಗ, ಡಾಕ್ಟರು ಆ ಗುಂಡಿಗೆ ಏನೋ ಬಿಳಿ ಪುಡಿ ತುಂಬಿದರು. ಪುಟ್ಟ ಶೀಶೆ, ಅರ್ಧ ಚಮಚವೂ ಇರಲಿಲ್ಲ. ಥೇಟ್ ಉಪ್ಪಿಟ್ಟಿನ ರವೆ! "ಇದೂ ಪಿಂಗಾಣಿ ಜಾತೀದೇ ಕಣ್ರೀ, ಇದನ್ನ ಹಿಡಿದುಕೊಂಡು ನಿಮ್ಮ ಮೂಳೆ ಬೆಳೆಯುತ್ತೆ" ಅಂದರು.

ಹೆಸರು ಹೈಡ್ರಾಕ್ಸಿಅಪಟೈಟ್. ನಾಲಿಗೆ ತಿರುಗಲ್ಲ, ಆದರೆ ನಮಗೆ ಹೊಸದೇನಲ್ಲ. ಮೂಳೆಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇದೇ ಬಗೆಯ ಖನಿಜ.

ಮಾಡುವ ಒಂದು ದಾರಿ ಹೀಗೆ: ಶುದ್ಧ ಸುಣ್ಣವನ್ನು ನೀರಲ್ಲಿ ಕದಡಿ, ತಿರುಗಿಸುತ್ತಲೇ ಫಾಸ್ಫಾರಿಕ್ ಆಸಿಡ್ಡನ್ನು ಹನಿ ಹನಿಯಾಗಿ ಬಿಡುತ್ತಾರೆ. 10 ಕ್ಯಾಲ್ಸಿಯಂ ಪರಮಾಣುವಿಗೆ 6 ಫಾಸ್ಫರಸ್, ಅಂದರೆ 1.67ರ ಲೆಕ್ಕ. ಅದು 1.5ಕ್ಕೆ ಇಳಿದರೆ, ಸುಟ್ಟಾಗ ಬೇರೆಯದೇ ವಸ್ತು ಸಿಗುತ್ತೆ: ಟ್ರೈಕ್ಯಾಲ್ಸಿಯಂ ಫಾಸ್ಫೇಟ್. ಅದು ಮೈಯೊಳಗೆ ಬೇಗ ಕರಗುತ್ತೆ. ಕೆಲವೊಮ್ಮೆ ಬೇಕಂತಲೇ ಎರಡನ್ನೂ ಬೆರೆಸುತ್ತಾರೆ.

ನಿಜವಾದ ಕಸುಬು ಇರುವುದು ತೂತು ಮಾಡುವುದರಲ್ಲಿ. ಕುಂಬಾರ ಮಣ್ಣು ತುಳಿದು ತುಳಿದು ಗಾಳಿ ತೆಗೆಯುತ್ತಾನೆ, ಇಲ್ಲಿ ಉಲ್ಟಾ. ಇಟ್ಟಿಗೆ ಮಣ್ಣಿಗೆ ಭತ್ತದ ಹೊಟ್ಟು ಬೆರೆಸುತ್ತಾರಲ್ವಾ, ಗೂಡಿನಲ್ಲಿ ಹೊಟ್ಟು ಉರಿದು ಹೋದ ಜಾಗ ಖಾಲಿ ಉಳಿಯುತ್ತೆ. ಅದೇ ಉಪಾಯ. ಪುಡಿಯನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಅದರಲ್ಲಿ ಸ್ಪಂಜು ಅದ್ದಿ, ಹಿಂಡಿ, ಒಣಗಿಸಿ ಸುಡುತ್ತಾರೆ. ಮೊದಲು ಕಾವು ನಿಧಾನಕ್ಕೇ ಏರಬೇಕು, ಅವಸರ ಮಾಡಿದರೆ ಸ್ಪಂಜಿನ ಹೊಗೆ ಒಳಗಿಂದ ಒತ್ತಿ ಬಿರುಕು ಬಿಡುತ್ತೆ. ಆಮೇಲೆ ಸುಮಾರು 1,200 ಡಿಗ್ರಿ. ಪುಡಿ ಕರಗಲ್ಲ, ಕಣಕ್ಕೆ ಕಣ ಬೆಸೆದುಕೊಂಡು ಗಟ್ಟಿಯಾಗುತ್ತೆ, ಕುಗ್ಗುತ್ತೆ ಕೂಡ. ಹಾಗಂತ ಜಾಸ್ತಿ ಕಾಯಿಸಿದರೆ ವಸ್ತುವೇ ಒಡೆದು ಬೇರೆಯಾಗುತ್ತೆ. ಅಣ್ಣನ ರವೆಯಂಥದ್ದು ಬೇಕಾದರೆ ಸುಟ್ಟ ಗಟ್ಟಿಯನ್ನು ಕುಟ್ಟಿ ಜರಡಿ ಹಿಡಿದರಾಯಿತು.

ತೂತು ಸುಮಾರು 300 ಮೈಕ್ರಾನ್ ಇದ್ದರೆ ಒಳ್ಳೆಯದು, ಮೂರ್ನಾಲ್ಕು ಕೂದಲೆಳೆ ಸೇರಿಸಿದಷ್ಟು ದಪ್ಪ. ಒಂದರಿಂದ ಇನ್ನೊಂದಕ್ಕೆ ದಾರಿಯೂ ಇರಬೇಕು. ರಕ್ತನಾಳ ನುಗ್ಗದೆ ಮೂಳೆ ಬೆಳೆಯಲ್ಲ. ಆದರೆ ತೂತು ಜಾಸ್ತಿಯಾದಷ್ಟೂ ಗಟ್ಟಿತನ ಕಮ್ಮಿ. ಅದಕ್ಕೇ ತೊಡೆ ಮೂಳೆಯಂಥ ಕಡೆ ಇದೊಂದನ್ನೇ ನಂಬಲ್ಲ, ಲೋಹದ ಪ್ಲೇಟೋ ರಾಡೋ ಭಾರ ಹೊರಬೇಕು.

ಆರು ತಿಂಗಳಾದ ಮೇಲೆ ಎಕ್ಸ್‌ರೇ ತೆಗೆದರು. ಗುಂಡಿ ಮುಚ್ಚಿತ್ತು, ನಡುನಡುವೆ ಬಿಳಿ ಚುಕ್ಕೆ. "ರವೆ ಇನ್ನೂ ಹಂಗೇ ಐತಲ್ಲ ಸಾರ್!" ಅಂತ ಅಣ್ಣನಿಗೆ ಗಾಬರಿ. ಇದು ಕರಗೋದು ಬಲು ನಿಧಾನ, ಸುತ್ತ ಬೆಳೆದಿರೋದು ನಿಮ್ಮದೇ ಮೂಳೆ ಅಂತ ಡಾಕ್ಟರು ನಕ್ಕರು.