ಕುದುರೆಯ ನಡಿಗೆ, ಹುಡುಗನ ಸೊಂಟ

ನಮ್ಮ ಹೊಸೂರಿನಲ್ಲಿ ಮನೆಯೊಳಗೆ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಬಸ್ಸಿನಲ್ಲಿ ತಮಿಳು. ಕುದುರೆಗೆ ಯಾವ ಭಾಷೆಯಲ್ಲಿ ಹೇಳಬೇಕು ಅಂತ ಮೊದಲ ದಿನ ಕೇಳಿದ್ದೆ. ತಮಿಳಿನವರು 'ನಡ' ಅನ್ನುತ್ತಾರೆ, ತೆಲುಗಿನವರು 'ನಡು' ಅನ್ನುತ್ತಾರೆ, ಮೇಲೆ ಕೂತ ಹುಡುಗ 'ನಡಿ' ಅನ್ನಬೇಕು. ಮೂರಕ್ಕೂ ಬೇರು ಒಂದೇ. ಚಿನ್ನಿ ಮೂರಕ್ಕೂ ಹೆಜ್ಜೆ ಎತ್ತುತ್ತಾಳೆ.

ಚಿನ್ನಿ ವಯಸ್ಸಾದ ಹೆಣ್ಣು ಕುದುರೆ. ಡೆಂಕಣಿಕೋಟೆ ರಸ್ತೆಯ ಒಂದು ಲಾಯದಲ್ಲಿ ಭಾನುವಾರ ಬೆಳಗ್ಗೆ ಅಂಗವಿಕಲ ಮಕ್ಕಳು ಚಿಕಿತ್ಸೆಗಾಗಿ ಅವಳ ಮೇಲೆ ಕೂತು ಸುತ್ತು ಹಾಕುತ್ತಾರೆ. ಈ ಮಣ್ಣಿಗೆ ಕುದುರೆ ಹೊಸದಲ್ಲ. ಇಲ್ಲೇ ಹತ್ತಿರದ ಮತ್ತಿಗಿರಿಯ ಜಾನುವಾರು ಫಾರ್ಮ್ 1824ರಲ್ಲಿ ಶುರುವಾಗಿದ್ದೇ ಸೇನೆಯ ಕುದುರೆಗಳಿಗಾಗಿ.

ಒಂದು ಮಗುವಿಗೆ ನಾಲ್ಕು ಜನ ಬೇಕು. ಮುಂದೆ ಹಗ್ಗ ಹಿಡಿಯುವವರು ಒಬ್ಬರು, ಎರಡೂ ಪಕ್ಕಕ್ಕೆ ಒಬ್ಬೊಬ್ಬರು, ಎಲ್ಲವನ್ನೂ ನೋಡಿಕೊಳ್ಳುವ ಫಿಸಿಯೋಥೆರಪಿಸ್ಟ್ ಒಬ್ಬರು. ನಾನು ಎಡಪಕ್ಕದವನು. ಮಗುವಿನ ತೊಡೆಯ ಮೇಲೆ ತೋಳು ಹಾಯಿಸಿ, ಜೀನಿನ ಅಂಚು ಹಿಡಿದು, ಕುದುರೆಯ ಜೊತೆ ನಡೆಯಬೇಕು. ಅಷ್ಟೇ ಕೆಲಸ. ಆದರೆ ಮೊದಲ ವಾರ ಅದನ್ನೂ ತಪ್ಪು ಮಾಡಿದೆ. ಬಿದ್ದುಬಿಟ್ಟರೆ ಅನ್ನೋ ಭಯಕ್ಕೆ ಹುಡುಗನ ಸೊಂಟವನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಅವನು ನನ್ನ ಕಡೆ ಒರಗಿಬಿಟ್ಟ. ಥೆರಪಿಸ್ಟ್ ಕುದುರೆ ನಿಲ್ಲಿಸಿದರು. "ನೀವೇ ಹಿಡಿದುಕೊಂಡರೆ ಅವನ ಬೆನ್ನಿಗೆ ಏನು ಕೆಲಸ? ಕೈ ಸಡಿಲ ಬಿಡಿ, ಕುದುರೆ ಕಲಿಸಲಿ."

ಕುದುರೆ ಕಲಿಸೋದು ಏನನ್ನು? ಅದು ಗೊತ್ತಾಗಬೇಕಾದರೆ ಎದ್ದು ನಿಂತು, ಎರಡೂ ಕೈಗಳನ್ನು ಸೊಂಟದ ಎಲುಬಿನ ಮೇಲಿಟ್ಟು ಹತ್ತು ಹೆಜ್ಜೆ ನಡೆದು ನೋಡಿ. ಸೊಂಟ ಒಂದೇ ಕಡೆ ನಿಲ್ಲುವುದಿಲ್ಲ. ಎಡಕ್ಕೆ ಬಲಕ್ಕೆ ವಾಲುತ್ತದೆ, ಚೂರು ಮೇಲೇಳುತ್ತದೆ, ಇಳಿಯುತ್ತದೆ, ಮುಂದೆ ಹೋಗುತ್ತಾ ಸ್ವಲ್ಪ ತಿರುಗುತ್ತದೆ. ಈಗ ಕುದುರೆಯನ್ನು ನೋಡಿ. ಅದು ನಿಧಾನವಾಗಿ ನಡೆಯುವಾಗ ನಾಲ್ಕು ಗೊರಸುಗಳೂ ಬೇರೆ ಬೇರೆ ಹೊತ್ತಿಗೆ ನೆಲ ಮುಟ್ಟುತ್ತವೆ. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಕಿವಿಗೊಟ್ಟರೆ ನಾಲ್ಕು ಏಟು ಬೇರೆ ಬೇರೆಯಾಗಿ ಕೇಳಿಸುತ್ತವೆ. ಒಂದೊಂದು ಹೆಜ್ಜೆಗೂ ಕುದುರೆಯ ಬೆನ್ನು ಆಡುತ್ತದೆ, ಅದರ ಮೇಲೆ ಕೂತವರ ಸೊಂಟವೂ ಆಡುತ್ತದೆ. ಆ ಆಟ ಹೆಚ್ಚು ಕಡಿಮೆ ಮನುಷ್ಯ ನಡೆಯುವಾಗ ಆಗುವಂಥದ್ದೇ. ಯಂತ್ರದಲ್ಲಿ ಹೀಗೆ ಮಾಡೋದು ಕಷ್ಟ, ಕುದುರೆಗೆ ಇದು ಹುಟ್ಟುಗುಣ.

ನಮ್ಮ ಹುಡುಗನಿಗೆ ಏಳು ವರ್ಷ. ಸೆರೆಬ್ರಲ್ ಪಾಲ್ಸಿ ಇದೆ. ಅಂದರೆ, ಬೆಳೆಯುತ್ತಿದ್ದ ಮೆದುಳಿಗೆ ಹುಟ್ಟುವ ಆಸುಪಾಸಿನಲ್ಲಿ ಪೆಟ್ಟಾಗಿದೆ. ಸ್ನಾಯುಗಳಿಗೆ ಮೆದುಳು ಕಳಿಸುವ ಸಂದೇಶ ಸರಿಯಾಗಿ ತಲುಪುವುದಿಲ್ಲ. ಕೆಲವು ಸ್ನಾಯುಗಳು ಸದಾ ಬಿಗಿ, ಕೆಲವು ಸಡಿಲ. ಅವನ ತೊಡೆಗಳು ಒಂದಕ್ಕೊಂದು ಅಂಟಿಕೊಂಡು ಕತ್ತರಿಯ ಹಾಗೆ ಆಗುತ್ತವೆ. ಅವನು ಒಂದು ದಿನವೂ ತಾನಾಗಿ ನಡೆದಿಲ್ಲ. ನಡೆಯುವಾಗ ಸೊಂಟ ಹೇಗಿರುತ್ತದೆ ಅನ್ನೋದು ಅವನ ಮೆದುಳಿಗೆ ಗೊತ್ತೇ ಇಲ್ಲ. ಚಿನ್ನಿ ನಿಮಿಷಕ್ಕೆ ನೂರರ ಆಸುಪಾಸು ಹೆಜ್ಜೆ ಹಾಕುತ್ತಾಳೆ. ಅರ್ಧ ಗಂಟೆಗೆ ಸುಮಾರು 3,000. ಅಷ್ಟೂ ಸಲ ಅವನ ಮೈ ಚೂರು ತಪ್ಪುತ್ತದೆ, ಅಷ್ಟೂ ಸಲ ಸಮತೋಲ ತಿಳಿಸುವ ಒಳಗಿವಿ, ಜೊತೆಗೆ ಬೆನ್ನು, ಹೊಟ್ಟೆಯ ಸ್ನಾಯುಗಳೆಲ್ಲ ಸೇರಿ ಅವನನ್ನು ಮತ್ತೆ ನೆಟ್ಟಗೆ ತರಬೇಕು. ಕುದುರೆಯ ಮೈ ನಮ್ಮದಕ್ಕಿಂತ ಬೆಚ್ಚಗೆ, ಸುಮಾರು 38 ಡಿಗ್ರಿ. ಆ ಬಿಸಿಗೆ, ಆ ತೂಗಾಟಕ್ಕೆ ತೊಡೆಗಳು ಮೆಲ್ಲಗೆ ಸಡಿಲವಾಗುತ್ತವೆ. ಮೊದಲ ಸುತ್ತಿಗೂ ಐದನೇ ಸುತ್ತಿಗೂ ಇರೋ ವ್ಯತ್ಯಾಸ ನನ್ನ ತೋಳಿಗೇ ಗೊತ್ತಾಗುತ್ತದೆ.

ನನ್ನ ತೋಳನ್ನು ನಂಬಬೇಕಾಗಿಲ್ಲ. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೆರೆಬ್ರಲ್ ಪಾಲ್ಸಿ ಇರುವ 15 ಮಕ್ಕಳಿದ್ದರು. ಕೆಲವರನ್ನು ಎಂಟು ನಿಮಿಷ ನಡೆಯುವ ಕುದುರೆಯ ಮೇಲೆ ಕೂರಿಸಿದರು, ಉಳಿದವರನ್ನು ಅಷ್ಟೇ ಹೊತ್ತು ಅಲ್ಲಾಡದ ಪೀಪಾಯಿಯ ಮೇಲೆ. ಬೆನ್ನು, ತೊಡೆಗಳ ಸ್ನಾಯುಗಳು ಎಡಬಲ ಎಷ್ಟು ಸಮವಾಗಿ ಕೆಲಸ ಮಾಡುತ್ತವೆ ಅಂತ ಅಳೆದರು. ಕುದುರೆ ಮೇಲೆ ಕೂತ ಮಕ್ಕಳಲ್ಲಿ ಈ ಎಡಬಲದ ಸಮತೆ ಹೆಚ್ಚಿತ್ತು. ಚಿಕ್ಕ ಅಧ್ಯಯನ, ನಿಜ. ಆದರೂ ನನಗೆ ತುಂಬಾ ಇಷ್ಟ. ಕಾಲು ಅಗಲಿಸಿ ಕೂರುವುದಷ್ಟೇ ಸಾಲದು, ನಡಿಗೆ ಬೇಕು ಅನ್ನೋದನ್ನು ಆ ಪೀಪಾಯಿ ತೋರಿಸಿಕೊಟ್ಟಿತು.

ಇದಕ್ಕೂ ಮೊದಲು ಈ ವಿಷಯವನ್ನು ಜಗತ್ತಿನ ಕಣ್ಣಿಗೆ ತಂದವರು ಡೆನ್ಮಾರ್ಕಿನ ಲಿಸ್ ಹಾರ್ಟೆಲ್. 1944ರಲ್ಲಿ, ಬಸುರಿಯಾಗಿದ್ದಾಗ, ಅವರಿಗೆ ಪೋಲಿಯೋ ಬಂತು. ಮೊಣಕಾಲಿನ ಕೆಳಗೆ ಸ್ವಾಧೀನ ಹೋಯಿತು. ಕುದುರೆ ಹತ್ತಲು, ಇಳಿಯಲು ಇನ್ನೊಬ್ಬರು ಬೇಕು. ಆದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸಿನ ಡ್ರೆಸಾಜ್‌ನಲ್ಲಿ (ಸವಾರರ ಸನ್ನೆಯಂತೆ ಕುದುರೆಯನ್ನು ಲಯವಾಗಿ ನಡೆಸಿ ತೋರಿಸುವ ಸ್ಪರ್ಧೆ) ಗಂಡಸರ ಜೊತೆ ಸ್ಪರ್ಧಿಸಿ ಬೆಳ್ಳಿ ಗೆದ್ದರು. ಅದಕ್ಕೂ ಹಿಂದಿನ ಒಲಿಂಪಿಕ್ಸ್‌ಗಳಲ್ಲಿ ಆ ಸ್ಪರ್ಧೆಗೆ ಹೆಂಗಸರನ್ನು ಸೇರಿಸುತ್ತಲೇ ಇರಲಿಲ್ಲ. 1956ರಲ್ಲಿ ಮತ್ತೆ ಬೆಳ್ಳಿ. ಆಮೇಲೆ ಯುರೋಪಿನಲ್ಲಿ ಈ ಚಿಕಿತ್ಸೆ ಹಬ್ಬಿತು.

ಇದರಿಂದ ಕಾಯಿಲೆ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೆದುಳಿನ ಪೆಟ್ಟು ಹಾಗೇ ಇರುತ್ತದೆ. ಕೂರುವುದು, ತಲೆ ಎತ್ತುವುದು, ಸಮತೋಲ, ಇವು ಸುಧಾರಿಸಬಹುದು. ಎಲ್ಲರಿಗೂ ಇದು ಆಗುವುದೂ ಇಲ್ಲ. ಹತೋಟಿಗೆ ಬಾರದ ಫಿಟ್ಸ್ ಇದ್ದರೆ ಅಪಾಯ. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕತ್ತಿನ ಮೇಲಿನ ಎರಡು ಮೂಳೆಗಳ ಹಿಡಿತ ಸಡಿಲವಾಗಿರುತ್ತದೆ, ಅವರನ್ನು ಕೂರಿಸಬಾರದು. ಡಾಕ್ಟರ ಚೀಟಿ ಇಲ್ಲದೆ, ಹೆಲ್ಮೆಟ್ ಇಲ್ಲದೆ ಒಂದು ಮಗುವನ್ನೂ ಹತ್ತಿಸಬಾರದು. ಪೋಷಕರು ಎಷ್ಟೇ ಬೇಡಿಕೊಂಡರೂ ಇಲ್ಲ ಅನ್ನೋದು ನಮ್ಮ ಕೆಲಸದಲ್ಲೇ ಕಷ್ಟದ್ದು.

ಕುದುರೆಯ ಕಡೆಯಿಂದಲೂ ನೋಡಬೇಕು, ಅಲ್ವಾ? ಹುಲಿ ತೋಳಗಳಿಗೆ ಆಹಾರವಾಗಿದ್ದ ಪ್ರಾಣಿ ಅದು, ಹೆದರಿದರೆ ಓಡುವುದೇ ಗೊತ್ತು. ಕಣ್ಣುಗಳು ತಲೆಯ ಪಕ್ಕಕ್ಕಿರುವುದರಿಂದ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಆದರೆ ನೇರ ಹಿಂದೆ ಮತ್ತು ಹಣೆಯ ಮುಂದೆಯೇ ಕಾಣುವುದಿಲ್ಲ. ಅದಕ್ಕೇ ಭುಜದ ಕಡೆಯಿಂದ, ಮಾತಾಡುತ್ತಾ ಹತ್ತಿರ ಹೋಗಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಕುದುರೆ ಕಿತ್ತುಕೊಂಡು ಓಡಿದರೆ ನಿಮ್ಮನ್ನೂ ಎಳೆದೊಯ್ಯುತ್ತದೆ. ಚಿನ್ನಿ ಕಿವಿಗಳನ್ನು ಹಿಂದಕ್ಕೆ ಒತ್ತಿದರೆ ಅವತ್ತಿಗೆ ಸಾಕು ಅಂತ ಅರ್ಥ. ಮಗು ಇನ್ನೊಂದು ಸುತ್ತು ಕೇಳಿದರೂ ನಿಲ್ಲಿಸುತ್ತೇವೆ.

ಹುಡುಗನ ಅಮ್ಮ ತಳಿ ಅನ್ನೋ ಊರಿನ ಕಡೆಯವರು. ಎರಡು ಬಸ್ಸು ಬದಲಾಯಿಸಿ ಅವನನ್ನು ಎತ್ತಿಕೊಂಡು ಬರುತ್ತಾರೆ. ಒಂದು ದಿನ ಅವನು ನನ್ನ ತೋಳಿಗೆ ತಾಗದೆ ಅರ್ಧ ಸುತ್ತು ನೆಟ್ಟಗೆ ಕೂತಿದ್ದ. ಇಳಿಸಿದ ಮೇಲೆ ಅವರಿಗೆ ಸೊಂಟ, ಹೆಜ್ಜೆ ಅಂತ ನಾನು ವಿಜ್ಞಾನ ಹೇಳಲು ಹೊರಟೆ. ಅವರು ಕೇಳಿಸಿಕೊಂಡು, ಮಗನನ್ನು ಎತ್ತಿ ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಂಡರು.

"ನಾನು ಇವನನ್ನ ಹೀಗೇ ಕೂರಿಸ್ಕೊಂಡು ಹೊಲಕ್ಕೆ ಹೋಗ್ತಿದ್ದೆ ಅಣ್ಣ. ಆಗ ನೆಟ್ಟಗೆ ಕೂತ್ಕೊಳ್ತಿದ್ದ. ಈಗ ನನ್ನ ಕೈಲಿ ಅಷ್ಟು ದೂರ ಆಗಲ್ಲ."

ಬಸ್ ಸ್ಟಾಪಿನವರೆಗೆ ಅವನನ್ನು ಅವರೇ ಹೊತ್ತುಕೊಂಡು ಹೋದರು. ಹಿಂದಿನಿಂದ ನೋಡುತ್ತಾ ನಿಂತಿದ್ದೆ. ಅವರ ಒಂದೊಂದು ಹೆಜ್ಜೆಗೂ ಹುಡುಗನ ಬೆನ್ನು ತೂಗಿ, ಮತ್ತೆ ನೆಟ್ಟಗಾಗುತ್ತಿತ್ತು.